ಅಂತೂ ಗಿಟಾರ್ ರೆಡಿ

ಕೈಗರಗಸ, ಉಳಿ, ಅರ, ಸ್ಯಾಂಡ್‌ಪೇಪರ್, ಇಷ್ಟರಲ್ಲೇ ಗಿಟಾರ್ ಮುಗೀತು. ಬಾಡಿ ಕೊರೆಯೋದು ಬರೀ ಬೆವರಿನ ಕೆಲ್ಸ ಬಿಡಿ, ಮಜಾ ಇರೋದು ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲೆ ಗೆರೆ ಥರ ಕಾಣೋ ಅಡ್ಡ ತಂತಿಗಳು), ನಟ್‌ನಿಂದ (ಕತ್ತಿನ ತುದೀಲಿ ತಂತಿ ಕೂರೋ ಪಟ್ಟಿ) ಬ್ರಿಡ್ಜ್‌ವರೆಗಿನ (ಬಾಡಿ ಮೇಲೆ ತಂತಿ ಕೂರೋ ಜಾಗ) ಉದ್ದಾನ 17.817ರಿಂದ ಭಾಗಿಸಿದ್ರೆ ಮೊದಲ್ನೇ ಫ್ರೆಟ್ ಜಾಗ ಸಿಗುತ್ತೆ, ಉಳಿದಿದ್ದನ್ನ ಮತ್ತೆ ಅದರಿಂದ್ಲೇ ಭಾಗಿಸಿ ಎರಡನೇದು, ಹಿಂಗೇ ಹೋಗ್ತಾ ಹೋಗ್ತಾ 12ನೇದು ಸರಿಯಾಗಿ ಅರ್ಧಕ್ಕೆ ಬಂದು ಕೂರುತ್ತೆ, 648 ಮಿ.ಮೀ. ಇದ್ರೆ 324! ಇಷ್ಟು ವರ್ಷ ಬಾರಿಸಿದ್ರೂ ಈ ಗೆರೆಗಳು ಯಾಕೆ ಹತ್ರ ಹತ್ರ ಆಗ್ತಾವೆ ಅಂತ ಒಮ್ಮೆನೂ ಯೋಚ್ನೆ ಮಾಡಿರ್ಲಿಲ್ಲ ನೋಡಿ.

ಫಿನಿಶಿಂಗ್‌ಗೆ ಅಗಸೆ ಎಣ್ಣೆ, ತೆಳ್ಳಗೆ ಹಚ್ಚಿ ಒರೆಸಿದ್ರೆ ಮರದ ಗೆರೆಗಳೆಲ್ಲ ಎದ್ದು ಬರ್ತಾವೆ. ಅಂದಹಾಗೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೀಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೋಬಹುದು, ಹರವಿ ಒಣಗಿಸಿ. ದಪ್ಪ ತಂತಿ ಇನ್ನೂ ಸ್ವಲ್ಪ ಗುರ್ ಅಂತಿದೆ, ಅದು ತಾಗ್ತಿರೋ ಫ್ರೆಟ್‌ನ ನಾಳೆ ಉಜ್ಬೇಕು.