ಆರ್ಗನ್ ಕೃತಿ ಆರ್ಕೆಸ್ಟ್ರಾಗೆ: ಯಾವುದನ್ನು ಆರಿಸೋದು, ಯಾವುದನ್ನು ಬಿಡೋದು?

ನಾನು ಆರ್ಗನ್ ಕೃತಿಗಳನ್ನು ಆರ್ಕೆಸ್ಟ್ರಾಗೆ ಅರೇಂಜ್ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಒಂದೇ. "ಯಾವ ಕೃತಿ ತಗೋಬೇಕು ಅಂತ ಹೇಗೆ ತೀರ್ಮಾನ ಮಾಡ್ತೀರಿ?" ಸಂಗೀತ ಕಲಿಯುತ್ತಿರುವವರು ಕೇಳುತ್ತಾರೆ, ಆರ್ಕೆಸ್ಟ್ರಾದಲ್ಲಿ ನುಡಿಸುವವರೂ ಕೇಳುತ್ತಾರೆ. ಕೆಲವರು ಪ್ರಶ್ನೆಯ ಜೊತೆಗೆ ಉತ್ತರವನ್ನೂ ತಂದಿರುತ್ತಾರೆ: "ಆ ಬಾಖ್ ಟೊಕಾಟಾ ಮಾಡಿ, ಎಲ್ಲರಿಗೂ ಗೊತ್ತಿರೋದು ಅದೇ ಅಲ್ವಾ?" (ಬಾಖ್ ಅಂದರೆ ಜರ್ಮನಿಯ ಹಳೆಯ ಸಂಯೋಜಕ, ಟೊಕಾಟಾ ಅಂದರೆ ಕೈಚಳಕ ತೋರಿಸುವ ಚುರುಕಿನ ಕೃತಿ.)

ನನ್ನ ಉತ್ತರ ಇಷ್ಟೇ. ಪುಟದ ಮೇಲೆ ಬರೆದಿದ್ದರೂ ಆರ್ಗನ್‌ನಲ್ಲಿ ಸರಿಯಾಗಿ ಕೇಳಿಸದೆ ಉಳಿದದ್ದು ಏನಾದರೂ ಆ ಕೃತಿಯಲ್ಲಿ ಇರಬೇಕು. ಅದನ್ನು ಆರ್ಕೆಸ್ಟ್ರಾ ಕೇಳಿಸಬಲ್ಲದು ಅನ್ನಿಸಿದರೆ ಮಾತ್ರ ಕೈ ಹಾಕುತ್ತೇನೆ. ಜೋರಾಗಿದೆ, ಭವ್ಯವಾಗಿದೆ ಅನ್ನೋದು ಸಾಲದು. ಜೋರು, ಭವ್ಯತೆ ಎರಡೂ ಆರ್ಗನ್‌ನಲ್ಲೇ ಬೇಕಾದಷ್ಟಿವೆ.

ಆರ್ಗನ್ ಅಂದರೆ ಇಲ್ಲಿ ಚರ್ಚ್‌ಗಳಲ್ಲಿರುವ ಪೈಪ್ ಆರ್ಗನ್. ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಯವಿರೋದು ಹಾರ್ಮೋನಿಯಂ. ಅದರಲ್ಲಿ ತಿದಿ ಒತ್ತುವ ರೀತಿಯಿಂದಲೇ ದನಿಯನ್ನು ಸ್ವಲ್ಪ ಏರಿಸಬಹುದು, ಇಳಿಸಬಹುದು. ಪೈಪ್ ಆರ್ಗನ್‌ನಲ್ಲಿ ಆ ಸ್ವಾತಂತ್ರ್ಯ ಇಲ್ಲ. ಕೀಲಿಯನ್ನು ಮೆಲ್ಲಗೆ ಒತ್ತಿ, ಗಟ್ಟಿಯಾಗಿ ಒತ್ತಿ, ದನಿಯ ಜೋರು ಒಂದೇ. ಒತ್ತಿ ಹಿಡಿದಷ್ಟು ಹೊತ್ತೂ ಸ್ವರ ಕುಂದದೆ ನಿಂತಿರುತ್ತದೆ. ಬಣ್ಣ ಬದಲಾಯಿಸಬೇಕಾದರೆ ಸ್ಟಾಪ್ ಎಳೆದು ಬೇರೆ ಸಾಲಿನ ಕೊಳವೆಗಳನ್ನು ತೆರೆಯಬೇಕು. ಕೆಲವು ಆರ್ಗನ್‌ಗಳಲ್ಲಿ ಒಂದಷ್ಟು ಕೊಳವೆಗಳನ್ನು ಪೆಟ್ಟಿಗೆಯಲ್ಲಿಟ್ಟು, ಅದರ ಬಾಗಿಲನ್ನು ಕಾಲಿನಿಂದ ತೆರೆದು ಮುಚ್ಚುವ ವ್ಯವಸ್ಥೆ ಇರುತ್ತದೆ, ಆದರೆ ಆಗಲೂ ಅಲ್ಲಿರುವ ಎಲ್ಲ ದನಿಗಳೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ.

ಇದರ ಪರಿಣಾಮ ಏನು? ಒಂದೇ ಕೀಬೋರ್ಡ್ ಮೇಲೆ ನಾಲ್ಕು ದನಿಗಳು ಹೆಣೆದುಕೊಂಡು ಹೋಗುತ್ತಿದ್ದರೆ, ಮೂರನೆಯ ದನಿಯಲ್ಲಿ ಥೀಮ್ ಬಂತು ಅಂತ ಅದನ್ನೊಂದನ್ನೇ ಸ್ವಲ್ಪ ಮೇಲೆತ್ತಲು ಆಗುವುದಿಲ್ಲ. ಸ್ಕೋರ್, ಅಂದರೆ ಬರೆದಿಟ್ಟ ಸ್ವರಲಿಪಿ, ಓದುವವರಿಗೆ ಅದು ಕಾಣುತ್ತದೆ. ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತವರಿಗೆ ಎಲ್ಲ ಕಲಸಿಹೋಗಿರುತ್ತದೆ. ಸಂಯೋಜಕ ಅರ್ನಾಲ್ಡ್ ಶೋನ್‌ಬರ್ಗ್ ಬಾಖ್‌ಗೆ ಕೈ ಹಾಕಿದ್ದು ಇದೇ ಕಾರಣಕ್ಕೆ. 1922ರಲ್ಲಿ ಎರಡು ಕೋರಾಲ್ ಪ್ರೆಲ್ಯೂಡ್ (ಚರ್ಚಿನ ಸ್ತುತಿಗೀತೆಯ ರಾಗದ ಮೇಲೆ ಕಟ್ಟಿದ ಆರ್ಗನ್ ಕೃತಿ) ಮಾಡಿದರು, 1928ರಲ್ಲಿ ಇ ಫ್ಲ್ಯಾಟ್ ಮೇಜರ್‌ನ ಪ್ರೆಲ್ಯೂಡ್ ಮತ್ತು ಫ್ಯೂಗ್ (ಒಂದೇ ಥೀಮ್ ದನಿಯಿಂದ ದನಿಗೆ ಹೋಗುತ್ತಾ ಹೆಣೆದುಕೊಳ್ಳುವ ರಚನೆ), ಬಿಡಬ್ಲ್ಯೂವಿ (ಬಾಖ್ ಕೃತಿಗಳ ಪಟ್ಟಿಯ ಸಂಖ್ಯೆ) 552. ದನಿಗಳು ಒಂದರೊಳಗೊಂದು ಸೇರಿಕೊಂಡಿರುವ ಈ ಸಂಗೀತದಲ್ಲಿ ಪ್ರತಿಯೊಂದು ಎಳೆಯೂ ಬಿಡಿಬಿಡಿಯಾಗಿ ಕಿವಿಗೆ ಬೀಳಬೇಕು ಅನ್ನೋದು ಅವರ ವಾದ. ಬಣ್ಣ ಬಳಿಯೋದು ಅಲಂಕಾರಕ್ಕಲ್ಲ, ಎಳೆ ಕಾಣಿಸಲಿಕ್ಕೆ. ನಾನು ಕೃತಿ ಆರಿಸುವಾಗ ಮೊದಲು ನೋಡುವುದೂ ಇದನ್ನೇ. ಹೀಗೆ ಬಿಡಿಸಿ ತೋರಿಸಲು ಒಳಗೆ ಎಳೆಗಳು ಇವೆಯಾ?

ಬಾಖ್‌ನ ಸಿ ಮೈನರ್ ಪಾಸಕಾಲಿಯಾ (ಒಂದೇ ಥೀಮ್ ಮತ್ತೆ ಮತ್ತೆ ಬರುವ ಕೃತಿ), ಬಿಡಬ್ಲ್ಯೂವಿ 582, ಈ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗುತ್ತದೆ. ಆರ್ಕೆಸ್ಟ್ರಾ ನಿರ್ದೇಶಕ ಲಿಯೊಪಾಲ್ಡ್ ಸ್ಟೊಕೋವ್‌ಸ್ಕಿ 1922ರಲ್ಲಿ ಇದನ್ನು ಆರ್ಕೆಸ್ಟ್ರಾಗೆ ತಂದರು, ಇಟಲಿಯ ಸಂಯೋಜಕ ಒಟ್ಟೊರಿನೊ ರೆಸ್ಪೀಗಿ 1930ರಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಟೊಸ್ಕಾನಿನಿಯ ಕೋರಿಕೆಯ ಮೇಲೆ ಇನ್ನೊಮ್ಮೆ ಮಾಡಿದರು. ಎಂಟು ಬಾರ್‌ಗಳ ಒಂದು ಥೀಮ್ ಮೊದಲು ಕಾಲಿನ ಪೆಡಲ್‌ನಲ್ಲಿ ಒಂಟಿಯಾಗಿ ಬರುತ್ತದೆ. ಆಮೇಲೆ 20 ವೇರಿಯೇಶನ್ (ಅದೇ ಥೀಮ್‌ನ ಬೇರೆ ಬೇರೆ ರೂಪಗಳು), ಅದಾದ ಮೇಲೆ ಅದೇ ಥೀಮ್‌ನ ಮೊದಲ ಅರ್ಧವನ್ನು ಹಿಡಿದು ಒಂದು ಫ್ಯೂಗ್. 11ನೆಯ ವೇರಿಯೇಶನ್ ಹೊತ್ತಿಗೆ ಥೀಮ್ ಕಾಲಿನಿಂದ ಮೇಲಿನ ದನಿಗೆ ಹತ್ತಿಬಿಡುತ್ತದೆ, ಮುಂದೆ ನಡುದನಿಯಲ್ಲಿ ಅಡಗುತ್ತದೆ, 15ರಲ್ಲಿ ಒಂದೊಂದೇ ಸ್ವರವಾಗಿ ಬಿಡಿಸಿಟ್ಟ ಕಾರ್ಡ್‌ಗಳಲ್ಲಿ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕರಗಿಹೋಗುತ್ತದೆ, 16ರಲ್ಲಿ ಮತ್ತೆ ಕಾಲಿಗೆ ಇಳಿಯುತ್ತದೆ. ಈ ಓಡಾಟವನ್ನು ಆರ್ಗನ್‌ನಲ್ಲಿ ಹಿಂಬಾಲಿಸಲು ಪಳಗಿದ ಕಿವಿ ಬೇಕು. ಆರ್ಕೆಸ್ಟ್ರಾದಲ್ಲಿ ಥೀಮ್ ಕ್ಲಾರಿನೆಟ್‌ಗೆ ಬಂತು, ಈಗ ವಿಯೋಲಾಗೆ ಹೋಯಿತು ಅಂತ ಮೊದಲ ಸಲ ಕೇಳುವವರಿಗೂ ಗೊತ್ತಾಗುತ್ತದೆ.

ಆದರೆ ಈ ಕೃತಿಗೂ ಒಂದು ಶರತ್ತು ಇದೆ, ಅದು ಥೀಮ್‌ನ ಕೊನೆಯ ಎರಡು ಸ್ವರಗಳಲ್ಲಿದೆ. ಜಿ ಸ್ವರದಿಂದ ಕೆಳಗಿನ ಸಿ ಸ್ವರಕ್ಕೆ ಇಳಿದು ಥೀಮ್ ನಿಲ್ಲುತ್ತದೆ. ಆ ಸಿ ಪೆಡಲ್ ಬೋರ್ಡಿನ ಕಟ್ಟಕಡೆಯ ಕೀಲಿ, ಅದರ ಕೆಳಗೆ ಇನ್ನಿಲ್ಲ. ಮೇಲಾಗಿ ಪೆಡಲ್‌ನಲ್ಲಿ ಸಾಮಾನ್ಯವಾಗಿ 16 ಅಡಿಯ ಸ್ಟಾಪ್ ಇರುತ್ತದೆ, ಅಂದರೆ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳಿಸುತ್ತದೆ. ನಾಲ್ಕು ತಂತಿಯ ಮಾಮೂಲಿ ಡಬಲ್ ಬಾಸ್ ಇಳಿಯುವುದು ಇ ತನಕ ಮಾತ್ರ. ಐದನೆಯ ತಂತಿಯೋ, ಸಿ ತನಕ ಇಳಿಸುವ ಎಕ್ಸ್‌ಟೆನ್ಶನ್ನೋ ಇಲ್ಲದಿದ್ದರೆ ವಾದಕರು ಆ ಸಿಯನ್ನು ಒಂದು ಸ್ಥಾಯಿ ಮೇಲೆ ನುಡಿಸುತ್ತಾರೆ. ಆಗ ಇಳಿದು ಕೂರಬೇಕಾದ ಥೀಮ್ ಕೊನೆಯಲ್ಲಿ ಮೇಲಕ್ಕೆ ಹತ್ತುತ್ತದೆ. ಒಂದು ಸಲ ಆದರೆ ಹೋಗಲಿ ಅನ್ನಬಹುದು, ಪೆಡಲ್‌ನಲ್ಲಿ ಥೀಮ್ ಬಂದಾಗಲೆಲ್ಲ ಹೀಗೇ ಆದರೆ ಕೃತಿಯ ಬುಡವೇ ಅಲುಗಾಡುತ್ತದೆ. ಹಾಗಾಗಿ ಪಾಸಕಾಲಿಯಾ ಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳೋದು "ನಿಮ್ಮಲ್ಲಿ ತೀರಾ ಕೆಳಗಿನ ಸ್ವರ ನುಡಿಸುವ ಕಾಂಟ್ರಾಬಸೂನ್ ಇದೆಯಾ? ಡಬಲ್ ಬಾಸ್‌ಗಳು ಸಿ ತನಕ ಇಳಿಯುತ್ತವಾ?" ಅಂತ. ಇಡೀ ಕೃತಿಯನ್ನು ಇ ಮೈನರ್‌ಗೆ ಏರಿಸಿದರೆ ಆಯ್ತಲ್ಲ ಅನ್ನುವವರಿದ್ದಾರೆ. ಏರಿಸಬಹುದು. ಆದರೆ ಆ ಕತ್ತಲೆ ಹೋಗಿಬಿಡುತ್ತದೆ, ನನಗಂತೂ ಮನಸ್ಸು ಬರುವುದಿಲ್ಲ.

ಇನ್ನು ಎಲ್ಲರೂ ಕೇಳುವ ಡಿ ಮೈನರ್ ಟೊಕಾಟಾ ಮತ್ತು ಫ್ಯೂಗ್, ಬಿಡಬ್ಲ್ಯೂವಿ 565. ಸ್ಟೊಕೋವ್‌ಸ್ಕಿಯ ಅರೇಂಜ್‌ಮೆಂಟ್ 1940ರಲ್ಲಿ ಡಿಸ್ನಿಯ ಫ್ಯಾಂಟೇಸಿಯಾ ಸಿನಿಮಾದ ಆರಂಭದಲ್ಲೇ ಬಂದು ಜಗತ್ತಿಗೆಲ್ಲ ಗೊತ್ತಾಯಿತು. ಅದಕ್ಕೂ ಮುಂಚೆ, 1929ರಲ್ಲಿ, ಇಂಗ್ಲೆಂಡಿನ ಆರ್ಕೆಸ್ಟ್ರಾ ನಿರ್ದೇಶಕ ಹೆನ್ರಿ ವುಡ್ ಇದನ್ನೇ ಮಾಡಿ ಪಾಲ್ ಕ್ಲೆನೋವ್‌ಸ್ಕಿ ಅನ್ನುವ ರಷ್ಯನ್ ಹೆಸರಿನಲ್ಲಿ ಹೊರಬಿಟ್ಟರು. ತನ್ನ ಹೆಸರು ಹಾಕಿದರೆ ವಿಮರ್ಶಕರು ಸುಮ್ಮನಿರಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ನಾನು ಇದನ್ನು ಆರಿಸುವುದಿಲ್ಲ. ಬೇರೆಯವರು ಮಾಡಿಬಿಟ್ಟಿದ್ದಾರೆ ಅನ್ನೋದು ಅರ್ಧ ಕಾರಣ. ಇನ್ನರ್ಧ, ಇದರ ಟೊಕಾಟಾದಲ್ಲಿ ಅಡಗಿರುವುದು ಬಹಳ ಕಡಿಮೆ. ಒಂಟಿ ಎಳೆಯ ಓಟ, ದೊಡ್ಡ ಕಾರ್ಡ್, ಮೌನ, ಮತ್ತೆ ಓಟ. ಇದರ ಅರ್ಧ ಶಕ್ತಿ ಕಲ್ಲಿನ ಕಟ್ಟಡದ ಪ್ರತಿಧ್ವನಿಯಲ್ಲಿದೆ.

ಪ್ರತಿಧ್ವನಿಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಆರಿಸುವಾಗ ಜಾಸ್ತಿ ಮರೆಯುವುದು ಇದನ್ನೇ. ಆರ್ಗನ್ ಸಂಗೀತ ಬರೆದವರು ಕಟ್ಟಡವನ್ನೂ ಸೇರಿಸಿಕೊಂಡೇ ಬರೆದಿದ್ದಾರೆ. ಪಾಸಕಾಲಿಯಾದ ಫ್ಯೂಗ್ ಮುಗಿಯುವ ಸ್ವಲ್ಪ ಮುಂಚೆ ಒಂದು ಡಿ ಫ್ಲ್ಯಾಟ್ ಕಾರ್ಡ್ ಮೇಲೆ ಎಲ್ಲವೂ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಚರ್ಚಿನಲ್ಲಿ ಆ ನಿಲುಗಡೆ ಖಾಲಿ ಇರುವುದಿಲ್ಲ, ಕಾರ್ಡ್ ಗೋಡೆಗಳಲ್ಲಿ ತಿರುಗುತ್ತಲೇ ಇರುತ್ತದೆ. ಒಣ ಸಭಾಂಗಣದಲ್ಲಿ ಆರ್ಕೆಸ್ಟ್ರಾ ನಿಂತರೆ ಆಮೇಲೆ ಕೇಳಿಸುವುದು ಏಸಿ ಸದ್ದು. ಹಾಗಾಗಿ ಪ್ರತಿಧ್ವನಿಯನ್ನೂ ಅರೇಂಜರ್ ಬರೆಯಬೇಕಾಗುತ್ತದೆ: ಉಳಿದವರು ನಿಲ್ಲಿಸಿದ ಮೇಲೂ ಎರಡು ಹಾರ್ನ್, ಕೆಲವು ವಯೊಲಿನ್ ತೀರಾ ಮೆಲ್ಲಗೆ ಸ್ವರ ಹಿಡಿದಿರಬೇಕು. ಸ್ಟೊಕೋವ್‌ಸ್ಕಿಗೆ ಇದೆಲ್ಲ ಕೈಬೆರಳಿನಲ್ಲೇ ಇತ್ತು, ಅವರು 1905ರಿಂದ ನ್ಯೂಯಾರ್ಕಿನ ಸೇಂಟ್ ಬಾರ್ಥೊಲೊಮ್ಯೂ ಚರ್ಚಿನಲ್ಲಿ ಆರ್ಗನ್ ನುಡಿಸಿದವರು. ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ತಂತಿವಾದಕರಿಗೆ ಎಲ್ಲರೂ ಒಂದೇ ಸಲ ಬಿಲ್ಲು ತಿರುಗಿಸಬೇಡಿ, ಒಬ್ಬೊಬ್ಬರು ಒಂದೊಂದು ಕಡೆ ತಿರುಗಿಸಿ ಅನ್ನುತ್ತಿದ್ದರು. ಹಾಗೆ ಮಾಡಿದಾಗ ದನಿ ಎಲ್ಲೂ ತುಂಡಾಗದೆ ಆರ್ಗನ್‌ನಂತೆ ಹರಿಯುತ್ತದೆ.

ಎರಡನೆಯ ಬೇಡಿಕೆ ಫ್ರೆಂಚ್ ಸಂಯೋಜಕ ವಿಡೋರ್ ಅವರ ಟೊಕಾಟಾ. 1879ರ ಐದನೆಯ ಆರ್ಗನ್ ಸಿಂಫನಿಯ ಕೊನೆಯ ಭಾಗ, ಯುರೋಪಿನ ಮದುವೆಗಳಲ್ಲಿ ಈಗಲೂ ನುಡಿಸುತ್ತಾರೆ. ನನಗೆ ಬಹಳ ಇಷ್ಟ, ಆದರೆ ಆರ್ಗನ್‌ನಲ್ಲೇ ಇಷ್ಟ. ಬಲಗೈ ಒಂದೇ ಮಾದರಿಯ ಚುರುಕು ಸ್ವರಗಳನ್ನು ಮೊದಲಿಂದ ಕೊನೆಯ ಹತ್ತಿರದವರೆಗೆ ಬಿಡುವಿಲ್ಲದೆ ನುಡಿಸುತ್ತದೆ. ಆರ್ಗನ್‌ನಲ್ಲಿ ಅದೇ ಬೆಳಕು. ವಯೊಲಿನ್‌ಗಳಿಗೆ ಕೊಟ್ಟರೆ ಕೈ ಸೋಲುತ್ತದೆ, ಹಂಚಿಕೊಟ್ಟರೆ ಹೊಲಿಗೆ ಕಾಣುತ್ತದೆ, ಹೇಗೆ ಮಾಡಿದರೂ ಕಿವಿಗೆ ಅದು ಪಕ್ಕವಾದ್ಯವಾಗಿಬಿಡುತ್ತದೆ. ವಿಡೋರ್ ಪ್ಯಾರಿಸ್ಸಿನ ಸೇಂಟ್ ಸುಲ್ಪೀಸ್ ಚರ್ಚಿನಲ್ಲಿ 1870ರಿಂದ 1933ರ ಕೊನೆಯವರೆಗೆ ಆರ್ಗನಿಸ್ಟ್ ಆಗಿದ್ದವರು. ಅವರೇ 1882ರಲ್ಲಿ ತಮ್ಮ ಆರ್ಗನ್ ಸಿಂಫನಿಗಳಿಂದ ಒಂದು ಆರ್ಕೆಸ್ಟ್ರಾ ಕೃತಿ ಕಟ್ಟಿದಾಗ ಈ ಟೊಕಾಟಾವನ್ನು ಮುಟ್ಟಲಿಲ್ಲ. ಎರಡನೆಯ ಮತ್ತು ಆರನೆಯ ಸಿಂಫನಿಗಳಿಂದ ಭಾಗಗಳನ್ನು ತೆಗೆದುಕೊಂಡರು, ಆರ್ಗನ್ನನ್ನೂ ಬಿಡದೆ ಆರ್ಕೆಸ್ಟ್ರಾದ ಜೊತೆಗೇ ಇಟ್ಟುಕೊಂಡರು.

ಇಂಗ್ಲೆಂಡಿನ ಸಂಯೋಜಕ ಎಲ್ಗರ್ ಮಾಡಿದ ಆಯ್ಕೆ ನನಗೆ ಯಾವಾಗಲೂ ಮೆಚ್ಚುಗೆ. ಬಾಖ್‌ನ ಸಿ ಮೈನರ್ ಫ್ಯಾಂಟೇಸಿಯಾ ಮತ್ತು ಫ್ಯೂಗ್, ಬಿಡಬ್ಲ್ಯೂವಿ 537. ಫ್ಯೂಗ್ 1921ರಲ್ಲಿ, ಫ್ಯಾಂಟೇಸಿಯಾ ಮರುವರ್ಷ. ಈ ಫ್ಯಾಂಟೇಸಿಯಾ ಶುರುವಾಗುವುದೇ ಪೆಡಲ್‌ನಲ್ಲಿ ಹಿಡಿದ ಒಂದು ಉದ್ದನೆಯ ಸಿ ಮೇಲೆ. ನಮ್ಮ ಕಛೇರಿಯಲ್ಲಿ ತಂಬೂರಿ ಆಧಾರ ಕೊಡುವ ಹಾಗೆ ಅದು ಕೆಳಗೆ ನಿಂತಿರುತ್ತದೆ, ಮೇಲೆ ದನಿಗಳು ಒಂದೊಂದಾಗಿ ಬಂದು ಸೇರುತ್ತವೆ. ಆರ್ಗನ್‌ನಲ್ಲಿ ಆ ಸಿ ಕದಲುವುದಿಲ್ಲ. ಆರ್ಕೆಸ್ಟ್ರಾದಲ್ಲಿ ಅದನ್ನು ಉಸಿರಾಡಿಸಬಹುದು, ಮೇಲಿನ ದನಿಗಳ ನೋವು ಏರಿದಂತೆ ಕೆಳಗಿನ ಸ್ವರವೂ ಸ್ವಲ್ಪ ತುಂಬಿಕೊಳ್ಳುವಂತೆ ಬರೆಯಬಹುದು. ನಮ್ಮ ಕಾಲದ ಸೌಲಭ್ಯ ಬಾಖ್‌ಗೆ ಇದ್ದಿದ್ದರೆ ಅವನು ತನ್ನನ್ನು ಎಷ್ಟು ವೈಭವವಾಗಿ ಕೇಳಿಸುತ್ತಿದ್ದ ಅಂತ ತೋರಿಸಬೇಕು ಅನ್ನೋದು ಎಲ್ಗರ್ ಆಸೆ. ಫ್ಯೂಗ್‌ನಲ್ಲಿ ಆ ವೈಭವ ನನ್ನ ರುಚಿಗೆ ಸ್ವಲ್ಪ ಜಾಸ್ತಿ. ಫ್ಯಾಂಟೇಸಿಯಾಗೆ ಮಾತ್ರ ಒಂದು ಸ್ವರವನ್ನೂ ಬದಲಾಯಿಸಬೇಕು ಅನ್ನಿಸುವುದಿಲ್ಲ.

ಹೊಸಬರಿಗೆ ಒಂದು ಎಚ್ಚರಿಕೆ. ಪೆಡಲ್ ಅಂದ ಕೂಡಲೇ ಡಬಲ್ ಬಾಸ್ ಅಂತ ಬರೆದುಬಿಡಬೇಡಿ. ಜರ್ಮನ್ ಸಂಯೋಜಕ ಬ್ರಾಮ್ಸ್ ಕೊನೆಗಾಲದಲ್ಲಿ, 1896ರಲ್ಲಿ, ಬರೆದ 11 ಕೋರಾಲ್ ಪ್ರೆಲ್ಯೂಡ್‌ಗಳಲ್ಲಿ ಹತ್ತನೆಯದನ್ನು ನೋಡಿ. ಅಲ್ಲಿ ಕಾಲು ನುಡಿಸುವುದು ಬಾಸ್ ಅಲ್ಲ, ಕೋರಾಲ್‌ನ ರಾಗವನ್ನೇ, ಅದೂ ನಡುವಿನ ಶ್ರೇಣಿಯಲ್ಲಿ. ಅದು ಚೆಲ್ಲೊಗೆ ಹೇಳಿ ಮಾಡಿಸಿದ್ದು. ಬಾಖ್‌ನ ಶ್ಯೂಬ್ಲರ್ ಕೋರಾಲ್‌ಗಳು ಅನ್ನುವ ಆರು ಆರ್ಗನ್ ಕೃತಿಗಳಲ್ಲೂ ಇಂಥ ಜಾಗಗಳಿವೆ. ಅಂದ ಹಾಗೆ, ಆ ಆರು ಕೋರಾಲ್‌ಗಳಲ್ಲಿ ಐದು ಬಾಖ್‌ನ ಕಂಟಾಟಾಗಳಿಂದ (ಹಾಡುಗಾರರು, ವಾದ್ಯಗಳು ಸೇರಿ ನಡೆಸುವ ಕೃತಿಗಳು) ಬಂದವು ಅನ್ನೋದು ಖಚಿತ. ಬಿಡಬ್ಲ್ಯೂವಿ 645 ಬೇಕಿದ್ದರೆ 1731ರ 140ನೆಯ ಕಂಟಾಟಾ ತೆಗೆದು ನೋಡಿ. ತಂತಿವಾದ್ಯಗಳೆಲ್ಲ ಒಂದೇ ರಾಗದಲ್ಲಿ, ನಡುವೆ ಟೆನರ್‌ಗಳ ಹಾಡು, ಕೆಳಗೆ ಬಾಸ್. ಬಾಖ್ ತಾನೇ ಬರೆದಿಟ್ಟಿದ್ದಾನೆ. ಅದನ್ನು ಮತ್ತೆ ಅರೇಂಜ್ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ, ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಕಲಿಯೋದು ಬಹಳ ಇದೆ.

ಎದುರು ದಿಕ್ಕಿನ ಒಂದು ಉದಾಹರಣೆಯೂ ನನಗೆ ದಾರಿ ತೋರಿಸಿದೆ. ಫ್ರೆಂಚ್ ಸಂಯೋಜಕ ಮೆಸ್ಸಿಯಾನ್ ಲಾಸಾಂಸ್ಯೊಂ ಅನ್ನುವ ನಾಲ್ಕು ಭಾಗದ ಕೃತಿಯನ್ನು ಮೊದಲು ಆರ್ಕೆಸ್ಟ್ರಾಗೆ ಬರೆದು, ಆಮೇಲೆ ಆರ್ಗನ್‌ಗೆ ತಂದರು. ಮೂರು ಭಾಗ ಬಂದವು. ಮೂರನೆಯ ಭಾಗ ಆರ್ಗನ್‌ಗೆ ಒಗ್ಗಲಿಲ್ಲ. ಅದನ್ನು ಎಳೆದಾಡಲು ಹೋಗದೆ ಅವರು ಅದರ ಜಾಗಕ್ಕೆ ಹೊಸದಾಗಿ ಇನ್ನೊಂದು ಭಾಗ ಬರೆದರು, ಇವತ್ತು ಆರ್ಗನಿಸ್ಟ್‌ಗಳು ಮುಗಿಬಿದ್ದು ನುಡಿಸುವುದು ಅದನ್ನೇ. ಕೃತಿಯ ಒಡೆಯನೇ ಒಂದು ಭಾಗವನ್ನು ಬಿಟ್ಟನಲ್ಲ, ನಾವೂ ಇಡೀ ಕೃತಿ ಮಾಡಲೇಬೇಕು ಅಂತ ಹಟ ಹಿಡಿಯಬೇಕಿಲ್ಲ.

ನನಗೆ ಈಗ ಅತಿ ಹೆಚ್ಚು ಆಸೆ ಇರುವುದು ಸಂಯೋಜಕ ಸೀಸರ್ ಫ್ರಾಂಕ್‌ನ ಮೂರು ಕೋರಾಲ್‌ಗಳ ಮೇಲೆ. 1890ರಲ್ಲಿ, ತೀರಿಕೊಂಡ ವರ್ಷ, ಬರೆದವು. ಮೂರನೆಯದರ ನಡುವೆ ಒಂದು ನಿಧಾನದ ಭಾಗ ಬರುತ್ತದೆ, ಒಂಟಿ ರಾಗ, ಕೆಳಗೆ ಮೆತ್ತನೆಯ ಕಾರ್ಡ್‌ಗಳು. ಆ ರಾಗ ಉಸಿರು ತೆಗೆದುಕೊಳ್ಳುವ ವಾದ್ಯಕ್ಕಾಗಿ ಕಾಯುತ್ತಿದೆ ಅಂತ ಕೇಳಿದಾಗಲೆಲ್ಲ ಅನ್ನಿಸುತ್ತದೆ. ಫ್ರಾಂಕ್ ಆರ್ಕೆಸ್ಟ್ರಾವನ್ನು ಹೇಗೆ ಬಳಸುತ್ತಿದ್ದ ಅಂತ ತಿಳಿಯಲು 1888ರ ಡಿ ಮೈನರ್ ಸಿಂಫನಿ ಇದ್ದೇ ಇದೆ. ಅದು ಆರ್ಗನ್‌ನಂತೆ ಕೇಳಿಸುತ್ತದೆ ಅಂತ ದೂರುವವರಿದ್ದಾರೆ. ನಮ್ಮಂಥವರಿಗೆ ಅದೇ ಅನುಕೂಲ, ಎರಡು ಲೋಕಗಳ ನಡುವಿನ ದಾರಿಯನ್ನು ಅವನೇ ಹಾಕಿಕೊಟ್ಟಿದ್ದಾನೆ.

ಹಕ್ಕುಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಭಾರತದಲ್ಲಿ ಸಂಯೋಜಕ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ, ಯುರೋಪಿನ ಒಕ್ಕೂಟದಲ್ಲಿ 70 ವರ್ಷ. ಬಾಖ್, ಫ್ರಾಂಕ್, ಬ್ರಾಮ್ಸ್, 1937ರಲ್ಲಿ ತೀರಿಕೊಂಡ ವಿಡೋರ್, ವಿಯೆರ್ನ್ ಇವರ ಬಗ್ಗೆ ಎರಡೂ ಕಡೆ ಚಿಂತೆ ಇಲ್ಲ. ಆರ್ಗನ್‌ಗೆ ಬರೆದ ಇತರರಲ್ಲಿ ಮಾರ್ಸೆಲ್ ದ್ಯುಪ್ರೆ ತೀರಿಕೊಂಡದ್ದು 1971, ಡ್ಯುರುಫ್ಲೆ 1986, ಮೆಸ್ಸಿಯಾನ್ 1992. ಇವರ ಕೃತಿಗಳಿಗೆ ಪ್ರಕಾಶಕರ ಅನುಮತಿ ಬರುವ ತನಕ ಒಂದು ಸ್ವರವನ್ನೂ ಬರೆಯಬೇಡಿ. ಇನ್ನೊಬ್ಬರ ಅರೇಂಜ್‌ಮೆಂಟ್‌ಗೂ ಬೇರೆ ಹಕ್ಕು ಇರುತ್ತದೆ, ಹಾಗಾಗಿ ಕೆಲಸ ಶುರು ಮಾಡೋದು ಮೂಲ ಆರ್ಗನ್ ಸ್ಕೋರ್‌ನಿಂದಲೇ ಆಗಲಿ.

"ನಮ್ಮಲ್ಲಿ ತಂತಿವಾದ್ಯದವರು ಮಾತ್ರ ಇದ್ದಾರೆ, ಹದಿನೈದು ಇಪ್ಪತ್ತು ಜನ, ಏನು ಮಾಡಬಹುದು?" ಅಂತ ಬೆಂಗಳೂರಿನಿಂದ ಆಗಾಗ ಕೇಳುತ್ತಾರೆ. ಬ್ರಾಮ್ಸ್‌ನ ಆ 11 ಪ್ರೆಲ್ಯೂಡ್‌ಗಳಿಂದ ಶುರು ಮಾಡಿ. ಎಂಟನೆಯದು ಎರಡೇ ಪುಟ, ಪೆಡಲ್ ಇಲ್ಲವೇ ಇಲ್ಲ, ಕೋರಾಲ್‌ನ ರಾಗ ಬೇರೆ ಸ್ವರಗಳ ನಡುವೆ ಸುತ್ತಿಕೊಂಡು ಸಾಗುತ್ತದೆ. ಅದನ್ನು ವಯೊಲಿನ್, ವಿಯೋಲಾ, ಚೆಲ್ಲೊಗೆ ಹಂಚಿ. ಯಾವ ಸ್ವರ ರಾಗದ್ದು, ಯಾವುದು ಸುತ್ತುವರಿದದ್ದು ಅಂತ ಮೊದಲು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ, ಆಮೇಲೆ ಯಾರಿಗೆ ಯಾವುದು ಅಂತ ಬರೆಯಿರಿ.