ಗೆರೆಯ ಮೇಲೆ, ಗೆರೆಯ ಕೆಳಗೆ

1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ನಾನು ಹಾಸನದಲ್ಲಿ ಪಿಯುಸಿ ಓದುತ್ತಿದ್ದೆ. ನನ್ನ ಸೋದರಮಾವ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೆಯ ಒಂದು ಪಾಲು ಒಂದು ಸೆಂಟು) ಮಳೆ ಲೆಕ್ಕ ಬರೆದಿಡುವುದು ಅವರ ಕೆಲಸಗಳಲ್ಲೊಂದು. ಆ ವರ್ಷ ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬಿದ್ದು ಆಕಾಶ ತೊಳೆದಿಟ್ಟಂತಾದ ಮೇಲೆ ಅವರಿಂದ ನನಗೊಂದು ಕಾರ್ಡು ಬಂತು. ‘ಮಾರ್ಚ್ 17, ಬೆಳಗಿನ ಜಾವ 4-40. ಆಗ್ನೇಯ ದಿಕ್ಕು. ಕೈ ಚಾಚಿ ಅಳೆದರೆ ನೆಲದಿಂದ ಸುಮಾರು ಮೂರು ಮುಷ್ಟಿ ಎತ್ತರ. ಬಾಲ ಅರ್ಧ ಮುಷ್ಟಿ.’ ಇಷ್ಟು ಬರೆದು, ಅಡ್ಡಪಟ್ಟಿ ಇಟ್ಟು ಒಂದು ಗೆರೆ ಎಳೆದು, ಅದರ ಕೆಳಗೆ ‘ನಿನ್ನೆಗಿಂತ ಮಂಕಾಗಿದೆ ಅನ್ನಿಸಿತು. ನನ್ನ ಕಣ್ಣಿನ ದೋಷವೂ ಇರಬಹುದು’ ಎಂದು ಬರೆದಿದ್ದರು. ನಾನು ಕಂಡದ್ದನ್ನೂ ಕಲ್ಪಿಸಿದ್ದನ್ನೂ ಬೆರೆಸಿ ಒಂದು ಇಡೀ ಇನ್‌ಲ್ಯಾಂಡ್ ತುಂಬಿಸಿ ಕಳಿಸಿದೆ. ಉತ್ತರ ಎರಡೇ ಸಾಲು: ‘ಕಂಡದ್ದನ್ನ ಗೆರೆ ಮೇಲೆ ಬರಿ, ಅನ್ನಿಸಿದ್ದನ್ನ ಗೆರೆ ಕೆಳಗೆ ಬರಿ. ಎರಡನ್ನೂ ಕಲಸಬೇಡ ಮಾರಾಯ.’

ಹತ್ತೊಂಬತ್ತನೆಯ ಶತಮಾನದ ಆರಂಭದ ಖಗೋಳಜ್ಞರು ಒಬ್ಬರಿಗೊಬ್ಬರು ಬರೆದ ಪತ್ರಗಳ ಬಗ್ಗೆ ಓದುವ ಹವ್ಯಾಸ ನನಗೆ ಅಂಟಿ ಬಹಳ ವರ್ಷಗಳಾದವು. ಓದಿದಷ್ಟೂ ಮಾವನ ಆ ಗೆರೆ ಕಣ್ಣ ಮುಂದೆ ಬರುತ್ತದೆ. ಅವರ ಕಾಲದಲ್ಲಿ ವೀಕ್ಷಣೆಯ ದಿನಚರಿಗೂ ಅಚ್ಚಾದ ಪ್ರಬಂಧಕ್ಕೂ ನಡುವೆ ಅರೆಬೆಂದ ಆಲೋಚನೆಗಳಿಗೆ ಒಂದು ಜಾಗ ಬೇಕಿತ್ತು. ಆ ಜಾಗ ಸ್ನೇಹಿತನಿಗೆ ಬರೆದ ಕಾಗದದಲ್ಲಿ ಸಿಕ್ಕಿತು.

1801ರ ಜನವರಿ 1ರ ರಾತ್ರಿ ಸಿಸಿಲಿಯ ಪಲೆರ್ಮೋದಲ್ಲಿ ಜುಸೆಪ್ಪೆ ಪಿಯಾಝಿ ಎಂಬ ಪಾದ್ರಿ ನಕ್ಷತ್ರಗಳ ಪಟ್ಟಿ ತಯಾರಿಸುತ್ತಿದ್ದಾಗ, ಪಟ್ಟಿಯಲ್ಲಿಲ್ಲದ ಒಂದು ಮಸುಕು ಚುಕ್ಕೆ ಕಣ್ಣಿಗೆ ಬಿತ್ತು. ಮರುದಿನ ನೋಡಿದರೆ ಅದು ಜಾಗ ಬದಲಿಸಿತ್ತು. ಜನವರಿ 24ರಂದು ಆತ ಖಗೋಳಜ್ಞರಾದ ಬರ್ಲಿನ್ನಿನ ಬೋಡೆಗೂ ಮಿಲಾನಿನ ಒರಿಯಾನಿಗೂ ಕಾಗದ ಬರೆದ. ಬೋಡೆಗೆ ಬರೆದದ್ದು ತಾನೊಂದು ಧೂಮಕೇತುವನ್ನು ಕಂಡಿದ್ದೇನೆಂದು. ಹಳೆಯ ಗೆಳೆಯ ಒರಿಯಾನಿಗೆ ಮಾತ್ರ, ಇದರ ಸುತ್ತ ಧೂಮಕೇತುವಿನ ಮಬ್ಬು ಇಲ್ಲ, ಚಲನೆ ನಿಧಾನವಾಗಿ ಒಂದೇ ಸಮನಾಗಿದೆ, ಆದ್ದರಿಂದ ಇದು ಧೂಮಕೇತುವಿಗಿಂತ ಉತ್ತಮವಾದದ್ದೇನೋ ಇರಬಹುದೆಂದು ಹಲವು ಬಾರಿ ಅನ್ನಿಸಿದೆ, ಆದರೆ ಈ ಊಹೆಯನ್ನು ಸಾರ್ವಜನಿಕರ ಮುಂದಿಡದಂತೆ ಎಚ್ಚರ ವಹಿಸಿದ್ದೇನೆ, ಎಂದು ಬರೆದ. ಒಂದೇ ದಿನ, ಒಂದೇ ಮೇಜಿನ ಮೇಲೆ, ಒಂದೇ ಚುಕ್ಕೆಯ ಬಗ್ಗೆ ಬರೆದ ಎರಡು ಕಾಗದಗಳು! ಇದನ್ನು ಕಪಟವೆಂದು ನಾನು ಎಣಿಸುವುದಿಲ್ಲ. ಕಂಡದ್ದು ಎಲ್ಲರಿಗೂ ಸೇರಿದ್ದು, ಅನ್ನಿಸಿದ್ದು ಮಾತ್ರ ನಂಬಿಕೆಯ ಒಬ್ಬನಿಗೆ ಎಂಬ ವಿವೇಕ ಅದರಲ್ಲಿದೆ.

ಬೋಡೆಗೆ ಆ ಕಾಗದ ತಲುಪಿದ್ದು ಮಾರ್ಚ್ 20ಕ್ಕೆ, ಐವತ್ತೈದು ದಿನಗಳ ನಂತರ. ಆ ಹೊತ್ತಿಗೆ ಕಾಯಿಲೆ ಬಿದ್ದಿದ್ದ ಪಿಯಾಝಿಯ ವೀಕ್ಷಣೆ ಫೆಬ್ರುವರಿ 11ಕ್ಕೇ ನಿಂತುಹೋಗಿತ್ತು, ಆಕಾಶಕಾಯವೂ ಸೂರ್ಯನ ಬೆಳಕಿನಲ್ಲಿ ಮರೆಯಾಗಿತ್ತು. ಉಳಿದದ್ದು ನಲವತ್ತೊಂದು ದಿನಗಳ ಅವಧಿಯಲ್ಲಿ ಬರೆದುಕೊಂಡ ಅಂಕಿಗಳಷ್ಟೇ. ಅವು ಜರ್ಮನಿಯ ಗೋಥಾ ಬಳಿಯ ಖಗೋಳಜ್ಞ ಝಾಕ್ ನಡೆಸುತ್ತಿದ್ದ ತಿಂಗಳ ಪತ್ರಿಕೆಯಲ್ಲಿ ಸೆಪ್ಟೆಂಬರಿನಲ್ಲಿ ಅಚ್ಚಾದವು. ಆ ಪತ್ರಿಕೆಯ ಹೆಸರಿನ ಅರ್ಥವೇ ‘ಮಾಸಿಕ ಪತ್ರವ್ಯವಹಾರ’. ಯುರೋಪಿನ ಮೂಲೆಮೂಲೆಗಳಿಂದ ಬಂದ ಕಾಗದಗಳೇ ಅದರ ಹೂರಣ. ಬ್ರನ್ಸ್‌ವಿಕ್ಕಿನಲ್ಲಿದ್ದ 24 ವರ್ಷದ ಗಣಿತಜ್ಞ ಗೌಸ್ ಆ ಅಂಕಿಗಳನ್ನು ಹಿಡಿದು ಕಕ್ಷೆಯನ್ನು ಲೆಕ್ಕಹಾಕಿ, ಚುಕ್ಕೆ ಮತ್ತೆ ಎಲ್ಲಿ ಕಾಣಿಸುತ್ತದೆಂದು ತಿಳಿಸಿದ. ಡಿಸೆಂಬರ್ 31ರ ರಾತ್ರಿ ಝಾಕ್ ಅದನ್ನು ಖಚಿತವಾಗಿ ಗುರುತಿಸಿದ. ಅದರ ಬೆನ್ನಲ್ಲೇ ಬ್ರೆಮೆನ್ನಿನಲ್ಲಿ ಓಲ್ಬರ್ಸ್ ಕಂಡ. ಅದೇ ಸೆರೆಸ್, ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಪುಟ್ಟ ಕಾಯ. ಕಂಡವನು ಒಬ್ಬ, ಅಚ್ಚುಹಾಕಿಸಿದವನು ಒಬ್ಬ, ಲೆಕ್ಕಹಾಕಿದವನು ಮತ್ತೊಬ್ಬ. ಅಂಚೆಯ ಕುದುರೆಗಾಡಿ ಇಲ್ಲದಿದ್ದರೆ ಪಿಯಾಝಿಯ ಅಂಕಿಗಳು ಗೌಸ್‌ನ ಮೇಜಿಗೆ ಬರುತ್ತಲೇ ಇರಲಿಲ್ಲ.

ಓಲ್ಬರ್ಸ್ ಬಗ್ಗೆ ನನಗೆ ವಿಶೇಷ ಗೌರವ. ವೃತ್ತಿಯಿಂದ ವೈದ್ಯ, ಹಗಲೆಲ್ಲ ರೋಗಿಗಳನ್ನು ನೋಡಿ, ರಾತ್ರಿ ಮನೆಯ ಮಹಡಿಯಲ್ಲಿ ದೂರದರ್ಶಕದ ಮುಂದೆ ಕೂರುತ್ತಿದ್ದ. 1804ರ ಜುಲೈ ತಿಂಗಳಲ್ಲಿ ಬ್ರೆಮೆನ್ನಿನ ಬೀದಿಯಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಅವನನ್ನು ತಡೆದು ನಿಲ್ಲಿಸಿ, ತಾನು ಮಾಡಿದ ಒಂದು ಲೆಕ್ಕವನ್ನು ತೋರಿಸಬಹುದೇ ಎಂದು ಕೇಳಿದ. ಆ ಹುಡುಗ ಕುಲೆನ್‌ಕಾಂಪ್ ಎಂಬ ವ್ಯಾಪಾರಿ ಸಂಸ್ಥೆಯಲ್ಲಿ ಲೆಕ್ಕಪತ್ರ ಕಲಿಯುತ್ತಿದ್ದ ಫ್ರೀಡ್ರಿಷ್ ಬೆಸೆಲ್. ಲೆಕ್ಕ ಹ್ಯಾಲಿ ಧೂಮಕೇತುವಿನದು. 1607ರಲ್ಲಿ ಅದು ಬಂದಾಗ ಇಂಗ್ಲೆಂಡಿನ ಹ್ಯಾರಿಯಟ್ ಬರೆದಿಟ್ಟಿದ್ದ ಟಿಪ್ಪಣಿಗಳಿಂದ ಅದರ ಕಕ್ಷೆಯನ್ನು ಹೊಸದಾಗಿ ಬಿಡಿಸಿದ್ದ. ಓಲ್ಬರ್ಸ್ ಅದನ್ನು ಓದಿ, ಶಿಫಾರಸು ಬರೆದು, ಝಾಕ್‌ನ ಪತ್ರಿಕೆಗೆ ಕಳಿಸಿದ. ಎರಡು ವರ್ಷಗಳಲ್ಲಿ ಬೆಸೆಲ್ ವ್ಯಾಪಾರ ಬಿಟ್ಟು ಲಿಲಿಯೆಂಟಾಲ್ ವೀಕ್ಷಣಾಲಯ ಸೇರಿದ. 1810ರಲ್ಲಿ ಕೋನಿಗ್ಸ್‌ಬರ್ಗ್‌ಗೆ ಹೋದ. ಖಗೋಳವಿಜ್ಞಾನಕ್ಕೆ ತಾನು ಸಲ್ಲಿಸಿದ ಅತಿ ದೊಡ್ಡ ಸೇವೆಯೆಂದರೆ ಬೆಸೆಲ್‌ನ ಪ್ರತಿಭೆಯನ್ನು ಗುರುತಿಸಿದ್ದು ಎಂದು ಓಲ್ಬರ್ಸ್ ಮುಂದೆ ಹೇಳಿಕೊಂಡ. ಪಲ್ಲಾಸ್, ವೆಸ್ಟಾ ಎಂಬ ಎರಡು ಕ್ಷುದ್ರಗ್ರಹಗಳನ್ನು ಕಂಡುಹಿಡಿದವನು ಆಡಿದ ಮಾತು ಇದು. ತೋಟದ ರೈಟರೊಬ್ಬರ ಕೈಯಲ್ಲಿ ಅದೇ ಧೂಮಕೇತುವಿನ ಪಾಠ ಕಲಿತ ನನಗೆ ಈ ಪ್ರಸಂಗವನ್ನು ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ.

ಗೆರೆಯ ಕೆಳಗಿನ ಬರಹ ಯಾವಾಗಲೂ ಒಳ್ಳೆಯದನ್ನೇ ಮಾಡಿತೆಂದು ಹೇಳಲಾರೆ. ಗೌಸ್ ಅಚ್ಚಿಗೆ ಕೊಡದೆ ಪತ್ರಗಳಲ್ಲಷ್ಟೇ ಹೇಳಿದ ಸಂಗತಿಗಳು ಎಷ್ಟೋ ಇವೆ. ಸಮ್ಮಿಶ್ರ ಸಂಖ್ಯೆಗಳ ಕಲನದಲ್ಲಿ ಇಂದು ಫ್ರೆಂಚ್ ಗಣಿತಜ್ಞ ಕೋಶಿಯ ಹೆಸರು ಹೊತ್ತಿರುವ ಪ್ರಮೇಯವನ್ನು ಆತ 1811ರ ಡಿಸೆಂಬರಿನಲ್ಲೇ ಬೆಸೆಲ್‌ಗೆ ವಿವರಿಸಿದ್ದ. 1829ರ ಜನವರಿಯಲ್ಲಿ ಅದೇ ಬೆಸೆಲ್‌ಗೆ ರೇಖಾಗಣಿತದ ತಳಹದಿಯ ಕುರಿತ ತನ್ನ ವಿಚಾರಗಳನ್ನು ಪೂರ್ತಿ ಹೊರಗೆಡವಿದರೆ ಅರಿಯದವರ ಗದ್ದಲ ಏಳುತ್ತದೆಂಬ ಅಂಜಿಕೆಯನ್ನು ತೋಡಿಕೊಂಡ. ಮೂರು ವರ್ಷಗಳ ನಂತರ ಹಂಗೇರಿಯ ತರುಣ ಯಾನೋಶ್ ಬೊಯಾಯಿ ಅದೇ ದಾರಿಯಲ್ಲಿ ಸ್ವತಂತ್ರವಾಗಿ ನಡೆದು ಅಚ್ಚುಹಾಕಿಸಿದಾಗ, ಗೌಸ್ ಅವನ ತಂದೆಗೆ, ಇದನ್ನು ಹೊಗಳಿದರೆ ನನ್ನನ್ನೇ ಹೊಗಳಿಕೊಂಡಂತೆ, ಏಕೆಂದರೆ ಇವೆಲ್ಲ ನಾನು ಎಂದೋ ಯೋಚಿಸಿದ್ದವು ಎಂದು ಬರೆದ. ಅದು ನಿಜವೇ ಇರಬಹುದು. ಆದರೂ ಆ ತರುಣನ ಮನಸ್ಸು ಮುರಿದುಹೋಯಿತು. ಅನುಮಾನ ಇದ್ದಾಗ ಗೆರೆಯ ಕೆಳಗೆ ಬರೆಯುವುದು ಸರಿ; ಅನುಮಾನ ತೀರಿದ ಮೇಲೂ ಅಲ್ಲೇ ಇಟ್ಟುಕೊಂಡದ್ದು ತಪ್ಪೆಂದೇ ನನ್ನ ಎಣಿಕೆ.

ಇದಕ್ಕೆ ತೀರ ವಿರುದ್ಧವಾಗಿ ನಡೆದುಕೊಂಡವನು ಕೋಪನ್‌ಹೇಗನ್ನಿನ ಓರ್ಸ್ಟೆಡ್. ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡು, 1820ರ ಜುಲೈ 21ರಂದು ಲ್ಯಾಟಿನ್ನಿನಲ್ಲಿ ನಾಲ್ಕು ಪುಟ ಅಚ್ಚುಹಾಕಿಸಿ ಯುರೋಪಿನ ವಿದ್ವಾಂಸರಿಗೆಲ್ಲ ಅಂಚೆಯಲ್ಲಿ ಕಳಿಸಿಬಿಟ್ಟ. ಜಿನೀವಾದಲ್ಲಿ ಪ್ರಯೋಗವನ್ನು ಕಣ್ಣಾರೆ ನೋಡಿದ ಅರಾಗೊ ಸೆಪ್ಟೆಂಬರ್ 4ರಂದು ಪ್ಯಾರಿಸ್ಸಿನ ಅಕಾಡೆಮಿಗೆ ಸುದ್ದಿ ಮುಟ್ಟಿಸಿದ. ಅದೇ ತಿಂಗಳ 18ಕ್ಕೆ ಆಂಪೇರ್ ತನ್ನ ಮೊದಲ ಫಲಿತಾಂಶಗಳನ್ನು ಓದಿದ. ಎರಡೇ ತಿಂಗಳು!

ಮರುವರ್ಷ, 1821ರಲ್ಲಿ, ಹ್ಯಾಂಬರ್ಗ್ ಬಳಿಯ ಆಲ್ಟೋನಾದಲ್ಲಿ ಶೂಮಾಕರ್ ಆರಂಭಿಸಿದ ‘ಆಸ್ಟ್ರೊನೋಮಿಶೆ ನಾಖ್ರಿಖ್ಟೆನ್’ ಎಂಬ ಪತ್ರಿಕೆ ಇವತ್ತಿಗೂ ನಡೆಯುತ್ತಿದೆ. ಅದರ ಮೊದಲ ಸಂಪುಟಗಳಲ್ಲಿ ಬಂದ ಕಾಗದಗಳನ್ನು ಕಾಗದದ ರೂಪದಲ್ಲೇ ಅಚ್ಚುಮಾಡುತ್ತಿದ್ದರು. ಹಾಗೆ ಗೆರೆಯ ಕೆಳಗಿದ್ದ ಎಷ್ಟೋ ಮಾತುಗಳು ನಿಧಾನವಾಗಿ ಗೆರೆಯ ಮೇಲಕ್ಕೆ ಬಂದವು.

1838ರ ಅಕ್ಟೋಬರ್ 23ರಂದು ಬೆಸೆಲ್ ಇಂಗ್ಲೆಂಡಿನ ಜಾನ್ ಹರ್ಷೆಲ್‌ಗೆ ಬರೆದ ಪತ್ರ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಹಂಸ ರಾಶಿಯ 61ನೆಯ ನಕ್ಷತ್ರ, ಭೂಮಿ ಸೂರ್ಯನನ್ನು ಸುತ್ತುವಾಗ, ಪಕ್ಕದ ಮಂಕು ನಕ್ಷತ್ರಗಳ ಎದುರಿನಲ್ಲಿ ಎಷ್ಟು ಅಲುಗಿದಂತೆ ಕಾಣುತ್ತದೆಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಅಳೆದು, ಆ ಅಲುಗಾಟದ ಕೋನ, ಅಂದರೆ ದಿಗ್ಭೇದ, 0.3136 ಸೆಕೆಂಡು (ಒಂದು ಡಿಗ್ರಿಯ 3600ನೆಯ ಒಂದು ಪಾಲು ಒಂದು ಸೆಕೆಂಡು) ಎಂದು ಆತ ತಿಳಿಸಿದ. ಬೇಲೂರಿನ ಗೋಪುರದ ಮೇಲಿಟ್ಟ ಒಂದು ಸಣ್ಣ ನಿಂಬೆಹಣ್ಣು ಇಲ್ಲಿ ಚಿಕ್ಕಮಗಳೂರಿನ ನನ್ನ ಮನೆಯ ತಾರಸಿಯಿಂದ ಎಷ್ಟಗಲ ಕಂಡೀತೋ ಸುಮಾರು ಅಷ್ಟೇ ಕೋನ ಅದು. ಈ ಕೋನ ಚಿಕ್ಕದಾದಷ್ಟೂ ನಕ್ಷತ್ರ ದೂರ. ಸೂರ್ಯನನ್ನು ಬಿಟ್ಟರೆ ಒಂದು ನಕ್ಷತ್ರದ ದೂರವನ್ನು ನಂಬುವಂತೆ ಅಳೆದದ್ದು ಅದೇ ಮೊದಲು. ನಾನು ಮತ್ತೆ ಮತ್ತೆ ನೋಡುವುದು ಆ ಅಂಕಿಯ ಪಕ್ಕದಲ್ಲಿ ಬೆಸೆಲ್ ಕೊಟ್ಟಿರುವ ಇನ್ನೊಂದು ಅಂಕಿಯನ್ನು: 0.0202. ತನ್ನ ಅಳತೆ ಎಷ್ಟು ತಪ್ಪಿರಬಹುದು ಎಂಬುದರ ಲೆಕ್ಕ ಅದು. ಪಿಯಾಝಿ ಗೆಳೆಯನ ಕಿವಿಯಲ್ಲಷ್ಟೇ ಹೇಳಿದ್ದ ಅನುಮಾನ ಬೆಸೆಲ್‌ನ ಕೈಯಲ್ಲಿ ತಾನೇ ಒಂದು ಅಂಕಿಯಾಗಿ ಎಲ್ಲರ ಮುಂದೆ ನಿಂತಿದೆ. ಬೀದಿಯಲ್ಲಿ ಹುಡುಗನ ಮಾತಿಗೆ ನಿಂತಿದ್ದ ಓಲ್ಬರ್ಸ್‌ಗೆ ಅದೇ ತಿಂಗಳ 11ಕ್ಕೆ 80 ತುಂಬಿತ್ತು.

ಮಾವನ ಕಾರ್ಡುಗಳು ಇಂದಿಗೂ ನನ್ನ ಬಳಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಕೊನೆಯದು 1986ರ ಏಪ್ರಿಲ್ ತಿಂಗಳದ್ದು. ಗೆರೆಯ ಮೇಲೆ: ‘ಬೆಳಗಿನ ಜಾವ 3-15. ಮೋಡ. ಕಾಣಲಿಲ್ಲ. ಮಳೆ 40 ಸೆಂಟು.’ ಗೆರೆಯ ಕೆಳಗೆ: ‘ಅಲ್ಲೇ ಇದೆ.’