14 ಸೆಕೆಂಡಿನ ಅಲೆ

ಭಾನುವಾರ, ಜೂನ್ 16, 2024

ಭುಜ ಎಷ್ಟು ನೋಯುತ್ತಿದೆ ಅಂದರೆ ಪೆನ್ನು ಹಿಡಿಯುವುದೂ ಕಷ್ಟ. ಆದರೂ ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಬೆಳಿಗ್ಗೆ ಆರಕ್ಕೆ ಬೋರ್ಡ್, ಪ್ಯಾಡಲ್ ಹೊತ್ತು ದಡದಲ್ಲಿದ್ದೆವು. ನಮ್ಮದು ಸ್ಟ್ಯಾಂಡ್-ಅಪ್ ಪ್ಯಾಡಲ್ ಸರ್ಫಿಂಗ್: ಬೋರ್ಡ್ ಮೇಲೆ ನಿಂತು, ಉದ್ದನೆಯ ಹುಟ್ಟು, ಅಂದರೆ ಪ್ಯಾಡಲ್ ಹಾಕುತ್ತಾ ಅಲೆ ಹಿಡಿಯುವುದು. ಅಲೆಯ ಎತ್ತರ 2 ಮೀಟರ್ ಅಂತ ಮುನ್ಸೂಚನೆ ಇತ್ತು. ಹೋದ ತಿಂಗಳೂ ಇಷ್ಟೇ ಎತ್ತರವಿತ್ತು, ಆರಾಮಾಗಿ ನಿಂತು ಬಂದಿದ್ದೆ. ಅದೇ ಧೈರ್ಯ. ಅಣ್ಣ ಮಾತ್ರ ಎತ್ತರದ ಪಕ್ಕದ ಅಂಕಿಯನ್ನೇ ನೋಡುತ್ತಿದ್ದ. "ಹೋದ ಸಲ 7 ಸೆಕೆಂಡು ಇತ್ತು ಕಣೇ. ಇವತ್ತು 14."

ಒಂದು ಅಲೆ ಹೋಗಿ ಮುಂದಿನದು ಬರುವ ನಡುವಿನ ಹೊತ್ತು ಅದು. ಹೊತ್ತು ಎರಡು ಪಟ್ಟಾದರೆ ಆಳದ ಕಡಲಲ್ಲಿ ಅಲೆಯ ಉದ್ದ ನಾಲ್ಕು ಪಟ್ಟಾಗುತ್ತದೆ. 7 ಸೆಕೆಂಡಿನ ಅಲೆ ಸುಮಾರು 75 ಮೀಟರ್ ಉದ್ದ, 14 ಸೆಕೆಂಡಿನದು ಸುಮಾರು 300 ಮೀಟರ್. ಉದ್ದದ ಅಲೆ ಮೇಲಿನ ನೀರನ್ನಷ್ಟೇ ಅಲ್ಲ, ತುಂಬಾ ಕೆಳಗಿನ ನೀರನ್ನೂ ಅಲುಗಿಸುತ್ತಾ ಬರುತ್ತದೆ. ದಡದ ಹತ್ತಿರ ತಳ ಮೇಲೇರಿದಾಗ ಅದರ ಓಟ ನಿಧಾನವಾಗಿ, ಅಷ್ಟೂ ನೀರು ಎದ್ದು ನಿಲ್ಲುತ್ತದೆ. ಓದಿ ಗೊತ್ತಿತ್ತು. ಮೈಗೆ ಗೊತ್ತಾಗಿದ್ದು ಇವತ್ತು.

ಇಪ್ಪತ್ತು ನಿಮಿಷ ಸುಮ್ನೆ ಕೂತು ನೋಡಿದೆವು. ದೊಡ್ಡವು ಗುಂಪಾಗಿ ಬರುತ್ತಿದ್ದವು, ಆಮೇಲೆ ಕೊಂಚ ಬಿಡುವು. ಎಡಗಡೆ ಅಲೆ ಒಡೆಯದ ಒಂದು ಪಟ್ಟಿ ಇತ್ತು. ದಡಕ್ಕೆ ಬಂದ ನೀರು ವಾಪಸ್ ಹೋಗುವ ಸೆಳವು ಅದು. ಈಜುವವರಿಗೆ ಅಪಾಯ, ನಮಗೆ ಒಳಗೆ ಹೋಗುವ ದಾರಿ.

ಆ ದಾರಿಯಲ್ಲೂ ಕೊನೆಗೆ ನೊರೆ ಎದುರಾಗಿಯೇ ಆಗುತ್ತದೆ. ಚಿಕ್ಕ ಸರ್ಫ್ ಬೋರ್ಡಿನವರು ಬೋರ್ಡನ್ನು ಒತ್ತಿ ಅಲೆಯ ಅಡಿಯಿಂದ ನುಸುಳಿಬಿಡುತ್ತಾರೆ. ನಮ್ಮದು ದಪ್ಪ, ಎಷ್ಟು ಒತ್ತಿದರೂ ಮುಳುಗುವುದಿಲ್ಲ. ಮೇಲಿಂದಲೇ ದಾಟಬೇಕು. ಒಂದು ಕಾಲು ಹಿಂದಿಟ್ಟು, ಮಂಡಿ ಬಗ್ಗಿಸಿ, ನೊರೆ ತಾಗುವ ಕ್ಷಣಕ್ಕೆ ಬೋರ್ಡಿನ ಮೂತಿ ಎತ್ತಬೇಕು. ಎತ್ತಿದ ಕೂಡಲೇ ಅಲೆಯ ಆಚೆ ಪ್ಯಾಡಲ್ ಊರಿ ಎಳೆಯಬೇಕು. ಎರಡು ಸಲ ಬಿದ್ದೆ. ಎರಡು ಸಲವೂ ಒಂದೇ ತಪ್ಪು. ನೊರೆ ಗೋಡೆಯಂತೆ ಬರುವುದನ್ನು ನೋಡಿ ಪ್ಯಾಡಲ್ ಗಾಳಿಯಲ್ಲೇ ನಿಂತುಬಿಟ್ಟಿತ್ತು. ಪ್ಯಾಡಲ್ ನೀರಲ್ಲಿದ್ದರೆ ಅದು ಮೂರನೇ ಕಾಲು. ಮೇಲೆತ್ತಿದರೆ ಬರೀ ಕೋಲು.

ಬಿದ್ದಾಗ ಬೋರ್ಡ್ ನಮಗೂ ಬರುವ ಅಲೆಗೂ ನಡುವೆ ಇರಕೂಡದು, ಅಲೆ ಅದನ್ನು ನಮ್ಮ ಮುಖಕ್ಕೇ ಎಸೆಯುತ್ತದೆ. ಹಿಂದೆ ಯಾರಿದ್ದಾರೆ ಅಂತಲೂ ನೋಡಬೇಕು. ಎಂಟೂವರೆ ಅಡಿಯ ಬೋರ್ಡ್, ಅದರ ಜೊತೆ ಅದನ್ನು ಕಾಲಿಗೆ ಕಟ್ಟಿದ ಹಗ್ಗ, ಲೀಶ್. ಎರಡೂ ಸೇರಿ ಐದು ಮೀಟರ್ ದೂರದವರನ್ನೂ ಹೊಡೆಯಬಹುದು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಮೂರನೇ ಸಲ ದಾಟಿದೆ. ಅಲೆ ಒಡೆಯುವ ಜಾಗದ ಆಚೆ ಎಂಥ ಮೌನ! ನಿಂತವಳಿಗೆ ಬರುವ ಅಲೆ ಎಲ್ಲರಿಗಿಂತ ಮೊದಲು ಕಾಣುತ್ತದೆ. ಹವಾಯಿಯ ವೈಕಿಕಿಯಲ್ಲಿ ಕಳೆದ ಶತಮಾನದ ನಡುಭಾಗದಲ್ಲಿ ಸರ್ಫ್ ಕಲಿಸುತ್ತಿದ್ದ ಕೆಲವರು ಹೀಗೆ ನಿಂತು ಹುಟ್ಟು ಹಾಕುತ್ತಿದ್ದದ್ದು ಇದಕ್ಕೇ. ಕಲಿಯುವವರ ಮೇಲೆ ಕಣ್ಣಿಡಬಹುದು, ಫೋಟೋನೂ ತೆಗೆಯಬಹುದು. 2000ದ ಆಸುಪಾಸಿನಲ್ಲಿ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಅಂಥ ಸರ್ಫರ್‌ಗಳು ಅದನ್ನೇ ಮತ್ತೆ ಕೈಗೆತ್ತಿಕೊಂಡು ದೊಡ್ಡ ಅಲೆಗಳಿಗೆ ಒಯ್ದರು. ಮೊದಲು ಕಾಣುತ್ತದೆ ಅಂತ ಸಿಕ್ಕಿದ್ದನ್ನೆಲ್ಲ ನಾವೇ ಹಿಡಿಯುವುದು ಸರಿಯಲ್ಲ, ಅಲ್ವಾ? ಬೋರ್ಡ್ ಮೇಲೆ ಕೂತು ಕಾಯುತ್ತಿದ್ದವರಿಗೆ ನಾಲ್ಕು ಒಳ್ಳೆಯ ಅಲೆ ಬಿಟ್ಟೆ.

ಐದನೆಯದು ನನ್ನದು. ತಿರುಗಿ ಜೋರಾಗಿ ಆರೇಳು ಬಾರಿ ಎಳೆದೆ. ಹಿಂಬದಿ ಮೇಲೆದ್ದಿತು. ಕಾಲು ಹಿಂದಕ್ಕೆ ಹಾಕಿದೆ, ಬೋರ್ಡ್ ಜಾರಿತು. ಇಷ್ಟು ವೇಗ ನಾನು ಕಂಡಿರಲಿಲ್ಲ. ತಿರುಗುವಾಗ ಪ್ಯಾಡಲ್‌ನ ಅಗಲದ ತುದಿಯನ್ನು ಅಲೆಯ ಮೈಗೆ ಒರಗಿಸಿ ಅದರ ಮೇಲೇ ಭಾರ ಬಿಟ್ಟೆ. ನೀರು ಕಲ್ಲಿನಂತೆ ತಡೆಯಿತು! ಬೋರ್ಡ್ ಬಾಗಿ ಸುತ್ತಿತು, ನಾನು ಬೀಳಲಿಲ್ಲ. ಆ ಒಂದು ತಿರುವಿಗಾಗಿ ಎರಡು ವರ್ಷ ಒದ್ದಾಡಿದ್ದೇನೆ. ಕಣ್ಣು ತುಂಬಿ ಬಂತು.

ಮುಂದಿನ ಅಲೆಗೆ ತಡವಾಗಿ ಎದ್ದೆ, ಬೋರ್ಡಿನ ಮೂತಿ ನೀರಲ್ಲಿ ಕಚ್ಚಿಕೊಂಡಿತು. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್‌ಗಿಂತ ಜಾಸ್ತಿ ತೂಗುತ್ತದೆ. ಅಂಥವು ಎಷ್ಟು ಮೈಮೇಲೆ ಬಿದ್ದವೋ. ತಲೆಗೆ ಎರಡೂ ತೋಳು ಸುತ್ತಿ, ಒದ್ದಾಡದೆ ಎಣಿಸಿದೆ. ಒಂಬತ್ತಕ್ಕೆ ಬೆಳಕು ಕಂಡಿತು. ಅಣ್ಣ ಪಕ್ಕದಲ್ಲೇ ಇದ್ದ. "ಸಾಕು, ಬಾ" ಅಂದ. ಬಂದೆ.

ಸಂಜೆ ಬೋರ್ಡ್ ತೊಳೆಯುವಾಗ ನೋಡಿದರೆ ಲೀಶ್‌ನ ಕಟ್ಟಿನ ಹತ್ತಿರ ಸಣ್ಣ ಸೀಳು. ನಾಳೆಯೇ ಬದಲಾಯಿಸಬೇಕು. ಮಂಗಳವಾರಕ್ಕೆ 12 ಸೆಕೆಂಡು ತೋರಿಸುತ್ತಿದೆ.